ಜೋಡಿ ಹುಬ್ಬು

ರೇಸ್ ಬೋಟಿನಲ್ಲಿ ಕೂರುವ ಗುಂಡಿಯ ಮುಂದೆ, ಗಾಜನ್ನು ಹಿಡಿದು ನಿಲ್ಲಿಸಲು, ಫೈಬರ್‌ನಲ್ಲಿ ಮಾಡಿದ ಒಂದು ಉಬ್ಬು ಹೊದಿಕೆ ಇರುತ್ತದೆ. ಎದುರಿನಿಂದ ನುಗ್ಗುವ ಗಾಳಿಯನ್ನೂ ನೀರನ್ನೂ ಕೂತವರ ತಲೆಯ ಮೇಲಿಂದ ದಾಟಿಸುವುದು ಅದರ ಕೆಲಸ. ಓದಿದವರು ಅದನ್ನು ಫೇರಿಂಗ್ ಎನ್ನುತ್ತಾರೆ. ಬೋಟು ರಿಪೇರಿ ಮಾಡುವ ನಮ್ಮ ಶೆಡ್ಡಿನಲ್ಲಿ ಅದು ಹುಬ್ಬು. ಒಬ್ಬರೇ ಓಡಿಸುವ ಬೋಟಿಗೆ ಒಂಟಿ ಹುಬ್ಬು, ಇಬ್ಬರು ಕೂರುವ ಬೋಟಿಗೆ ಜೋಡಿ ಹುಬ್ಬು. ಹುಬ್ಬು ಮುರಿದರೆ ಬೋಟು ತೇಲುವುದೇನೂ ನಿಲ್ಲುವುದಿಲ್ಲ. ವೇಗ ಹಿಡಿಯಲು ಮಾತ್ರ ಆಗುವುದಿಲ್ಲ, ಗಾಳಿಯೇ ಕೂತವರ ಕತ್ತು ಹಿಡಿದು ಹಿಂದಕ್ಕೆ ದಬ್ಬುತ್ತದೆ.

ನನ್ನ ನಾದಿನಿಯ ಬೋಟು ಟಾರ್ಪಾಲು ಹೊದ್ದುಕೊಂಡು ನಮ್ಮ ಶೆಡ್ಡಿಗೆ ಬಂದಾಗ ಅದರ ಜೋಡಿ ಹುಬ್ಬು ಚೂರುಚೂರಾಗಿ ಗೋಣಿಚೀಲದಲ್ಲಿತ್ತು. ಬೋಟಿನ ಜೊತೆ ಅವಳು ಬರಲಿಲ್ಲ, ಲಾರಿಯವನೊಬ್ಬನೇ ಬಂದ. ಅವನು ಇಳಿಸಿ ಹೋದ ಮೇಲೆ ನನ್ನ ಫೋನಿಗೆ ಅವಳಿಂದ ಒಂದು ಸಾಲು ಬಂತು. 'ಅತ್ತಿಗೆ, ಮೊದಲಿನ ಹಾಗೇ ಎರಡು ಹುಬ್ಬು ಇರಲಿ.'

ನಮ್ಮವರು ಅದನ್ನು ಫೋನು ಕಣ್ಣಿನ ಹತ್ತಿರ ಹಿಡಿದು ಓದಿದರು. ಆಮೇಲೆ ಫೋನನ್ನು ನನ್ನ ಕೈಗೇ ತುರುಕಿ, "ಒಂದೇ ಸಾಕು ಅಂತ ಹೇಳು," ಎಂದರು.

"ನೀವೇ ಹೇಳಿ. ನಿಮ್ಮ ತಂಗಿ ತಾನೆ?"

ಅವರು ಗೋಣಿಚೀಲದ ಬಾಯಿ ಬಿಚ್ಚಿ ಚೂರುಗಳನ್ನು ಒಂದೊಂದಾಗಿ ನೆಲದ ಮೇಲೆ ಹರವತೊಡಗಿದರು.

ನಾನು ಮುಂಗೋಪಿ, ಅದರಲ್ಲಿ ಮುಚ್ಚುಮರೆಯೇನಿಲ್ಲ. ಅಣ್ಣತಂಗಿ ಇಬ್ಬರೂ ಮುಖ ತಿರುಗಿಸಿಕೊಂಡು ಕೂತು ನನ್ನನ್ನು ಟಪಾಲು ಪೆಟ್ಟಿಗೆ ಮಾಡಿಕೊಂಡರೆ ಮೈಯೆಲ್ಲ ಉರಿಯುತ್ತದೆ. ಆದರೆ ನೆಲದ ಮೇಲೆ ಕೂತ ಆ ಮನುಷ್ಯ ಒಂದು ಚೂರನ್ನು ಇನ್ನೊಂದರ ಪಕ್ಕ ಇಡಲು ಹೋಗಿ, ಸರಿಯಾದ ಜಾಗಕ್ಕಿಂತ ಒಂದು ಬೆರಳು ಆಚೆಗೆ ಇಟ್ಟು, ಮತ್ತೆ ತಡವಿ ಸರಿಪಡಿಸುವುದನ್ನು ಕಂಡಾಗ ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಅವರ ಬಲಗಣ್ಣು ಹೋಗಿದ್ದು ಇದೇ ಹುಬ್ಬಿನ ಚೂರಿನಿಂದ.

ಆ ಬೋಟನ್ನು ಓಡಿಸುತ್ತಿದ್ದವರು ಅವರಿಬ್ಬರೇ. ನಾದಿನಿ ಬಲಗಡೆ ಕೂತು ಸ್ಟಿಯರಿಂಗ್ ಹಿಡಿಯುವಳು. ನಮ್ಮವರು ಎಡಗಡೆ ಕೂತು ವೇಗದ ಹಿಡಿ ಹಿಡಿಯುವರು. ದಿಕ್ಕು ಅವಳದು, ವೇಗ ಇವರದು. ಹೆಲ್ಮೆಟ್ಟಿನೊಳಗೆ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಕೇಳುವ ಏರ್ಪಾಡು ಇರುತ್ತದೆ. ಅವಳಂತೂ ಆಗ ಬಾಯಿ ಮುಚ್ಚಿದ್ದೇ ಇಲ್ಲ. ನೀರಿಗಿಳಿದ ಗಳಿಗೆಯಿಂದ ದಡ ಮುಟ್ಟುವ ತನಕ ಒಂದೇ ಸಮನೆ ಮಾತು: ಅಲೆ ಬಂತು, ಅಗೋ ಆ ಹಳದಿ ಬೋಟಿನವನ ಮುಖ ನೋಡು ಬದನೆಕಾಯಿ ಇದ್ದ ಹಾಗಿದೆ, ಅಣ್ಣ ಹಿಡ್ಕೋ, ಅಣ್ಣ ಹಸಿವು. ಬಂದರಿನವರೆಲ್ಲ ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದರು. ರೇಡಿಯೋ ಹತ್ತಿದರೆ ಬೋಟು ಗೆದ್ದ ಹಾಗೆ ಎಂದು ನಮ್ಮವರು ಹೆಮ್ಮೆಯಿಂದ ಹೇಳುತ್ತಿದ್ದರು.

ಕಳೆದ ರೇಸಿನ ಕೊನೆಯ ಸುತ್ತಿನಲ್ಲಿ ನೀರಿನ ಮಧ್ಯೆ ನಿಲ್ಲಿಸಿದ್ದ ಕೆಂಪು ಪೀಪಾಯಿಯನ್ನು ಸುತ್ತಿ ತಿರುಗಬೇಕಿತ್ತು. ಇವರ ಮುಂದೆ ಇನ್ನೊಂದು ಬೋಟು ಅಡ್ಡ ನುಗ್ಗಿತು. ಜಾಗ ಸಾಲದು ಎಂದು ನಾದಿನಿಗೆ ಕಂಡಿತು. "ಬಿಡು," ಎಂದಳು.

ಬಿಡು ಎನ್ನುವ ಮಾತು ಎಂಥದೆಂದು ಹೇಳಬೇಕಾಗಿಲ್ಲ. ಗಾಡಿ ಬಿಡು ಎಂದರೆ ಓಡಿಸು ಎಂದರ್ಥ. ಸಿಗರೇಟು ಬಿಡು ಎಂದರೆ ನಿಲ್ಲಿಸು ಎಂದರ್ಥ. ಅವಳು ಹೇಳಿದ್ದು 'ಅವನು ಹೋದರೆ ಹೋಗಲಿ, ವೇಗ ಇಳಿಸು' ಎಂದು. ಇವರು ಹಿಡಿಯನ್ನು ತುದಿಯ ತನಕ ಒತ್ತಿದರು. ಬೋಟು ಅಲೆಯ ಮೇಲೆ ಹಾರಿ ಮೂತಿ ಕೆಳಗಾಗಿ ಬಿತ್ತು. ನೀರಿನ ಹೊಡೆತಕ್ಕೆ ಗಾಜು ಕಿತ್ತು ಹೋಯಿತು, ಹುಬ್ಬು ಒಡೆದು ಒಳಕ್ಕೆ ಬಂತು. ಹೆಲ್ಮೆಟ್ಟಿನ ಗಾಜಿಗೆ ಆವಿ ಕಟ್ಟಿತೆಂದು ಇವರು ಅದನ್ನು ಮೇಲೆತ್ತಿಕೊಂಡಿದ್ದರು. ನಾದಿನಿಗೆ ಒಂದು ಗೀರೂ ಬೀಳಲಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅವಳು ಒದ್ದೆ ಬಟ್ಟೆಯಲ್ಲೇ ಗೋಡೆಗೆ ಒರಗಿ ನಿಂತು ಸಿಕ್ಕಿದವರಿಗೆಲ್ಲ ಅದನ್ನೇ ಹೇಳಿದಳು. "ನಾನು ಬಿಡು ಅಂದೆ. ಅಣ್ಣ ಬಿಟ್ಟ. ನಾನು ನಿಲ್ಸು ಅನ್ಬೇಕಾಗಿತ್ತು." ಅದನ್ನು ಕೇಳಿದ ನಮ್ಮ ಅತ್ತೆ ಮಗನ ಹಾಸಿಗೆಯ ಪಕ್ಕದಿಂದ ಎದ್ದು ಬಾಗಿಲಿಗೆ ಬಂದರು. "ಬಾಯಿ ಸುಮ್ನಿಟ್ಕೊಳಕ್ಕೆ ಬರಲ್ವೇನೇ ನಿಂಗೆ? ನಿನ್ನ ಬಾಯೇ ನನ್ನ ಮಗನ ಕಣ್ಣು ತಿಂತು," ಎಂದರು. ಕೂಗಲಿಲ್ಲ, ಮೆಲ್ಲಗೆ ಹೇಳಿದರು. ಕೂಗಿದ್ದರೆ ನಾದಿನಿಯೂ ಕೂಗಿ ಜಗಳಾಡಿ ಅಷ್ಟಕ್ಕೇ ಮುಗಿಯುತ್ತಿತ್ತೋ ಏನೋ.

ಅವತ್ತಿನಿಂದ ರೇಡಿಯೋ ಆರಿಹೋಯಿತು. ಮೊದಮೊದಲು ಎಲ್ಲರೂ ಸುಧಾರಿಸಿಕೊಳ್ಳಲಿ ಎಂದು ಸುಮ್ಮನಿದ್ದೆವು. ಆಮೇಲೊಮ್ಮೆ ಅವಳ ಗಂಡ ಶೆಡ್ಡಿನ ಬಾಗಿಲಲ್ಲಿ ನಿಂತು ನನ್ನ ಹತ್ತಿರ ಹೇಳಿಕೊಂಡ. "ಮನೇಲಿ ಸದ್ದೇ ಇಲ್ಲ ಅಕ್ಕ. ಊಟಕ್ಕೆ ಕೂತಾಗ ಉಪ್ಪು ಬೇಕಾದ್ರೂ ಕೇಳಲ್ಲ, ಎದ್ದು ಹೋಗಿ ತಗೊಂಡು ಬರ್ತಾಳೆ. ಏನು ಕೇಳಿದ್ರೂ ಹ್ಞೂಂ, ಉಹ್ಞೂಂ. ಜಗಳನಾದ್ರೂ ಆಡ್ಲಿ ಅಂತ ಮೊನ್ನೆ ಬೇಕು ಅಂತಲೇ ಅವಳ ಕಪ್ಪು ಒಡ್ದೆ. ಗುಡಿಸಿ ಹಾಕಿ ಹೋದ್ಲು."

ಬಂದರಿನವರಿಗೆ ಮಾತ್ರ ಇದು ಬಾಯಿ ಚಪ್ಪರಿಸುವ ಕಥೆಯಾಯಿತು. ಒಂದು ಪದ, ಎರಡು ಅರ್ಥ, ಒಂದು ಕಣ್ಣು. ಬೋಟಿನಲ್ಲಿ ಯಾರೂ ಬಿಡು ಎನ್ನಬಾರದು ಎಂದು ತಮಾಷೆಯ ಕಾನೂನೇ ಹುಟ್ಟಿಕೊಂಡಿತು. ಹೇಳುವವರಿಗೆ ಚೆನ್ನಾಗಿದೆ, ಕೇಳುವವರಿಗೂ ಚೆನ್ನಾಗಿದೆ. ನಾನೂ ನಂಬಿದ್ದೆ.

ಎರಡು ಹುಬ್ಬೋ ಒಂದು ಹುಬ್ಬೋ ಎನ್ನುವುದು ಬರೀ ಚೆಂದದ ಪ್ರಶ್ನೆಯಲ್ಲ. ಜೋಡಿ ಹುಬ್ಬಿನ ಬೋಟು ಒಬ್ಬರನ್ನೇ ಕೂರಿಸಿಕೊಂಡು ರೇಸಿಗೆ ಇಳಿಯುವಂತಿಲ್ಲ, ಅದು ನಿಯಮ. ನಮ್ಮವರು ಇನ್ನು ವೇಗದ ಹಿಡಿ ಹಿಡಿಯುವಂತಿಲ್ಲ. ಒಂದೇ ಕಣ್ಣಿಗೆ ಅಲೆ ಎಷ್ಟು ದೂರದಲ್ಲಿದೆ ಎನ್ನುವುದು ತಿಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಬೇರೆ ಯಾರಾದರೂ ಆ ಜಾಗದಲ್ಲಿ ಕೂರುತ್ತೇವೆಂದು ಕೇಳಿಕೊಂಡು ಬಂದರೆ ನಾದಿನಿ ತಲೆ ಅಲ್ಲಾಡಿಸಿ ಕಳಿಸುತ್ತಿದ್ದಳು. ಅಣ್ಣನ ಜಾಗ ಖಾಲಿ ಇರಲಿ ಎನ್ನುವುದು ಅವಳ ಹಟ. ಅಂದರೆ ಜೋಡಿ ಹುಬ್ಬು ಕೂರಿಸಿದರೆ ಆ ಬೋಟು ಎಂದೆಂದಿಗೂ ಟಾರ್ಪಾಲಿನ ಅಡಿಯಲ್ಲೇ. ಅವಳು ತನಗೆ ತಾನೇ ಕೊಟ್ಟುಕೊಳ್ಳುತ್ತಿದ್ದ ಶಿಕ್ಷೆ ಅದು, ಅದನ್ನು ಮಾಡಿಕೊಡಬೇಕಾದವಳು ನಾನು.

ಬೋಟು ಅವಳದು, ಮಾತೂ ಅವಳದೇ. ಜೋಡಿ ಹುಬ್ಬನ್ನೇ ಶುರು ಮಾಡಿದೆವು.

ಒಡೆದದ್ದಕ್ಕೆ ತೇಪೆ ಹಾಕಿದರೆ ವೇಗದಲ್ಲಿ ಮತ್ತೆ ಅಲ್ಲೇ ಬಿರಿಯುತ್ತದೆ, ಹಾಗಾಗಿ ಹೊಸದನ್ನೇ ಎರೆಯಬೇಕು. ಎರೆಯಲು ಅಚ್ಚು ಬೇಕು, ಅಚ್ಚು ತೆಗೆಯಲು ಹಳೆಯದರ ಆಕಾರ ಬೇಕು. ಮೊದಲು ಚೂರುಗಳನ್ನೆಲ್ಲ ಜೋಡಿಸಿ, ಹಿಂಬದಿಯಿಂದ ಪಟ್ಟಿ ಬಡಿದು, ಸಂದುಗಳಿಗೆ ಪುಟ್ಟಿ ತುಂಬಿ, ಉಪ್ಪುಕಾಗದದಿಂದ ತಿಕ್ಕಿ ನುಣುಪು ಮಾಡಿದೆವು. ಬಲಗಡೆಯ ಹುಬ್ಬು ಬೇಗ ಕೂಡಿಕೊಂಡಿತು. ಎಡಗಡೆಯದರಲ್ಲಿ, ನಮ್ಮವರು ಕೂರುತ್ತಿದ್ದ ಕಡೆ, ಒಂದು ಚೂರು ಸಿಗಲೇ ಇಲ್ಲ. ಅದು ಎಲ್ಲಿ ಹೋಯಿತೆಂದು ಇಬ್ಬರಿಗೂ ಗೊತ್ತಿತ್ತು. ಆಸ್ಪತ್ರೆಯಲ್ಲಿ ತೆಗೆದು ಎಸೆದಿದ್ದರು. ಆ ಕಿಂಡಿಗೆ ನಾನು ಪುಟ್ಟಿ ತುಂಬಿದೆ.

ಕೆಲಸ ಹಂಚಿಕೊಳ್ಳುವುದು ನಮ್ಮಲ್ಲಿ ಮೊದಲಿನಿಂದಲೂ ಹೀಗೆ: ಅಚ್ಚು ಮತ್ತು ಎರೆಯುವುದು ಅವರದು, ತಿಕ್ಕುವುದು ಮತ್ತು ಬಣ್ಣ ನನ್ನದು. ಈಗ ಅವರು ರೆಸಿನ್ ಎಂಬ ಅಂಟು ದ್ರವ ಸುರಿಯಲು ಹೋದರೆ ಮಗ್ಗಿನ ಬಾಯಿ ತಪ್ಪಿ ಮೇಜಿನ ಮೇಲೆ ಬೀಳುತ್ತಿತ್ತು. ನಾನು ಮಗ್ಗನ್ನು ಮೆಲ್ಲಗೆ ಸರಿಸಿ ಹಿಡಿದರೆ, "ಗೊತ್ತಾಗುತ್ತೆ, ಬಿಡು," ಎನ್ನುತ್ತಿದ್ದರು. ನಾನು ಕೈ ತೆಗೆಯುತ್ತಿದ್ದೆ. ಅಚ್ಚಿಗೆ ಮೇಣ ಬಳಿದೆವು. ಫೈಬರ್ ಹಾಸನ್ನು ಪದರಪದರವಾಗಿ ಹಾಸಿ, ರೆಸಿನ್ ಕುಡಿಸಿ, ಒಳಗೆ ಗಾಳಿ ಸೇರದ ಹಾಗೆ ರೋಲರ್ ಎಳೆದೆವು. ಮಹಡಿಯ ಮೇಲಿಂದ ಅತ್ತೆ ಆಗಾಗ ಕೆಮ್ಮುತ್ತಿದ್ದರು. ರೆಸಿನ್ನಿನ ವಾಸನೆ ಅವರಿಗೆ ಆಗುವುದಿಲ್ಲ. ಮಂಡಿ ಹಿಡಿದುಕೊಂಡ ಮೇಲೆ, ಮಗನನ್ನು ನೋಡಲು ಆಸ್ಪತ್ರೆಗೆ ಹೋದದ್ದು ಬಿಟ್ಟರೆ, ಅವರು ಆ ಕಬ್ಬಿಣದ ಮೆಟ್ಟಿಲಿಳಿದು ಬಂದವರೇ ಅಲ್ಲ. ಊಟ, ಕಾಫಿ, ಬೈಗುಳ ಎಲ್ಲ ಮೇಲೆಯೇ.

ಗಟ್ಟಿಯಾದ ಮೇಲೆ ಹೊಸ ಹುಬ್ಬನ್ನು ಅಚ್ಚಿನಿಂದ ಬಿಡಿಸಬೇಕು. ಹೆರಿಗೆ ಮಾಡಿಸುವುದಕ್ಕೆ ಬೇಕಾದಷ್ಟೇ ತಾಳ್ಮೆ ಅದಕ್ಕೂ ಬೇಕು. ಸುತ್ತಲೂ ಮರದ ಬೆಣೆ ಸಿಕ್ಕಿಸಿ, ರಬ್ಬರ್ ಸುತ್ತಿಗೆಯಿಂದ ಒಂದೊಂದಕ್ಕೂ ಮೆತ್ತಗೆ ತಟ್ಟುತ್ತ, ಸಂದಿಗೆ ನೀರು ಬಿಡುತ್ತ ಹೋಗಬೇಕು. ಅವಸರಪಟ್ಟರೆ ಅಂಚು ಸೀಳುತ್ತದೆ. ನಾನು ಒಂದು ಕಡೆ ಎತ್ತಿ ಹಿಡಿದಿದ್ದೆ. ಅವರು ಬೆಣೆಗೆ ತಟ್ಟುತ್ತಿದ್ದರು. ಎಡಗಡೆಯ ಮೂಲೆಯಲ್ಲಿ ಚಟ್ ಎಂದು ಸಣ್ಣ ಸದ್ದಾಯಿತು. ಇನ್ನೊಂದು ಪೆಟ್ಟು ಬಿದ್ದರೆ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ.

"ಬಿಡು," ಎಂದು ನನ್ನ ಬಾಯಿಂದ ಬಂತು. ಗಾಬರಿಯಲ್ಲಿ ಬಹುವಚನವೂ ಮರೆತುಹೋಗಿತ್ತು.

ಅವರ ಕೈ ಗಾಳಿಯಲ್ಲೇ ನಿಂತಿತು. ಅರೆಗಳಿಗೆಯೂ ಅನುಮಾನಿಸಲಿಲ್ಲ. ಸುತ್ತಿಗೆಯನ್ನು ಕೆಳಗಿಟ್ಟು, ಬೆಣೆ ಸಡಿಲಿಸಿ, ಆ ಮೂಲೆಗೆ ನೀರು ಬಿಟ್ಟರು. ಹುಬ್ಬು ತಾನಾಗಿಯೇ ಕಳಚಿಕೊಂಡು ಮೇಲೆ ಬಂತು.

ನಾವಿಬ್ಬರೂ ಅದನ್ನು ಎತ್ತಿ ಮೇಜಿನ ಮೇಲಿಟ್ಟೆವು. ಒಳ್ಳೆಯ ಎರಕ, ಒಂದು ಗುಳ್ಳೆಯೂ ಇರಲಿಲ್ಲ. ಅವರು ಅಂಗೈಯಿಂದ ಸವರುತ್ತ, "ಚೆನ್ನಾಗಿ ಬಂತು," ಎಂದರು. ನನಗೆ ಅದು ಕಿವಿಗೇ ಬೀಳಲಿಲ್ಲ. ನನ್ನ ತಲೆಯಲ್ಲಿ ಬೇರೆಯೇ ಒಂದು ಓಡುತ್ತಿತ್ತು. ಅಲ್ಲ, ಬಿಡು ಎನ್ನುವ ಮಾತನ್ನು ನಾವು ದಿನ ಬೆಳಗಾದರೆ ಎಷ್ಟು ಸಲ ಆಡುತ್ತೇವೆ? ಹೋಗಲಿ ಬಿಡು, ಕೈ ಬಿಡು, ನೀರು ಬಿಡು, ದಾರಿ ಬಿಡು. ಆಡುವವರ ದನಿಯಲ್ಲೇ ಅದರ ಅರ್ಥ ಇರುತ್ತದೆ. ಮಾತು ಕಲಿಯುವ ಕೂಸಿಗೂ ಅದು ತಪ್ಪುವುದಿಲ್ಲ. ಈ ಮನುಷ್ಯ ನನ್ನ ಜೊತೆ ಬಾಳಿದ ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಆ ಮಾತನ್ನು ತಿರುವುಮುರುವು ತಿಳಿದದ್ದುಂಟೇ? ಹುಟ್ಟಿದಾಗಿನಿಂದ ಕಿವಿಯ ಪಕ್ಕದಲ್ಲಿ ವಟಗುಟ್ಟಿದ ತಂಗಿಯ ದನಿ ಅವರಿಗೆ ತಿಳಿಯದೇ ಹೋಯಿತೇ?

"ರೀ," ಎಂದೆ. "ಈಗ ನಾನು ಬಿಡು ಅಂದಾಗ ನಿಲ್ಸು ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಅವರ ಅಂಗೈ ಹುಬ್ಬಿನ ಮೇಲೆ ಇದ್ದಲ್ಲೇ ನಿಂತಿತು.

"ಅವತ್ತು ಯಾಕೆ ಗೊತ್ತಾಗ್ಲಿಲ್ಲ?"

ಅವರು ಸುತ್ತಿಗೆ ಎತ್ತಿ ಗೂಟಕ್ಕೆ ಸಿಕ್ಕಿಸಲು ಹೋದರು. ಬೇರೆ ಹೆಂಡತಿಯಾಗಿದ್ದರೆ ಹೋಗಲಿ ಎಂದು ಸುಮ್ಮನಾಗುತ್ತಿದ್ದಳೇನೋ. ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನಿಂತೆ.

"ಗೊತ್ತಾಗಿತ್ತು," ಎಂದರು.

ಆಮೇಲೆ ತಾವಾಗಿಯೇ ಹೇಳಿದರು. "ನಿಲ್ಸು ಅಂತಾನೇ ಅವಳು ಹೇಳಿದ್ದು. ನಂಗೆ ಅರ್ಥ ಆಗಿತ್ತು. ಆದ್ರೆ ಅವನು ನಮ್ಮ ಮುಂದೇನೇ ಹೋಗ್ತಿದ್ದ, ಕೊನೇ ಸುತ್ತು. ತಡ್ಕೊಳಕ್ಕಾಗ್ಲಿಲ್ಲ. ಹಿಡಿ ಒತ್ಬಿಟ್ಟೆ."

"ಮತ್ತೆ ಆಸ್ಪತ್ರೇಲಿ?"

"ಎಚ್ಚರ ಆದಾಗ ಎಲ್ಲರ ಬಾಯಲ್ಲೂ ಆಗ್ಲೇ ಅದೇ ಮಾತಿತ್ತು. ಅಮ್ಮ ಅವಳಿಗೆ ಹೇಳಿದ್ದೂ ಕೇಳಿಸ್ತು. ನಾನು ಸುಳ್ಳು ಹೇಳ್ಲಿಲ್ಲ ಕಣೇ. ಸುಮ್ನಿದ್ದೆ ಅಷ್ಟೆ."

"ಅಷ್ಟೆ," ಎಂದೆ ನಾನು.

ನನಗೆ ಆಗ ಆದದ್ದನ್ನು ಹೇಗೆ ಹೇಳಲಿ? ಕಣ್ಣು ಹೋದ ಗಂಡನ ಮೇಲೆ ಸಿಟ್ಟು ಮಾಡಿಕೊಳ್ಳಲು ಮನಸ್ಸು ಬರುವುದಿಲ್ಲ. ಇಷ್ಟು ತಿಂಗಳು ಅವರ ಕಣ್ಣಿಗೆ ಔಷಧಿ ಹನಿಸಿದ್ದು ನಾನು, ಆ ಖಾಲಿ ಗುಳಿಯನ್ನು ಹತ್ತಿಯಲ್ಲಿ ಒರೆಸಿದ್ದು ನಾನು. ಆದರೂ ಅವತ್ತು ಸಿಟ್ಟು ಬಂತು. ಅಲ್ಲಿ ಒಂದು ಹುಡುಗಿ ಉಪ್ಪು ಕೇಳಲೂ ಹೆದರಿ ಬಾಯಿ ಹೊಲಿದುಕೊಂಡು ಕೂತಿದ್ದಾಳೆ. ಇಲ್ಲಿ ಈ ಮನುಷ್ಯ ಸುಮ್ಮನಿದ್ದೆ ಅಷ್ಟೆ ಎನ್ನುತ್ತಾನೆ.

"ಅವಳಿಗೆ ಹೇಳಿ," ಎಂದೆ.

"ನೀನೇ ಒಂದು ಮಾತು..."

"ನನ್ನ ಬಾಯಿಂದ ಬಂದ್ರೆ ಅದು ಚಾಡಿ. ನಿಮ್ಮ ಬಾಯಿಂದಲೇ ಬರ್ಬೇಕು."

"ಬಣ್ಣ ಆಗ್ಲಿ. ಬೋಟು ತಗೊಂಡು ಹೋಗಕ್ಕೆ ಬರ್ತಾಳಲ್ಲ, ಆಗ ಹೇಳ್ತೀನಿ."

"ಬಣ್ಣ ಹೊಡೆಯೋಳು ನಾನು. ನೀವು ಹೇಳೋ ತನಕ ಸ್ಪ್ರೇ ಗನ್ ಮುಟ್ಟಲ್ಲ."

ನಾನು ಹೇಳಿದ್ದನ್ನು ಮಾಡುವವಳು, ಅದು ಅವರಿಗೆ ಗೊತ್ತು. ಹೊಸ ಹುಬ್ಬಿನ ಅಂಚು ಕೊಯ್ದು, ನೀರು ಹಾಕಿ ತಿಕ್ಕಿ, ತಳಕ್ಕೆ ಬೂದು ಬಣ್ಣದ ಪ್ರೈಮರ್ ಬಳಿದು ಕಟ್ಟೆಯ ಮೇಲೆ ನಿಲ್ಲಿಸಿ, ಕೈ ತೊಳೆದುಕೊಂಡೆ. ಸ್ಪ್ರೇ ಗನ್ ಗೂಟದಲ್ಲೇ ನೇತಾಡುತ್ತಿತ್ತು. ಬೇರೆಯವರ ಬೋಟುಗಳಿಗೆಲ್ಲ ಬಣ್ಣ ಆಯಿತು, ಹೋದವು. ಅದೊಂದೇ ಬೂದಿ ಮೆತ್ತಿಕೊಂಡ ಹಾಗೆ ಕೂತಿತ್ತು. ನಮ್ಮವರು ಅದರ ಪಕ್ಕದಲ್ಲಿ ಹಾದುಹೋಗಬೇಕಾದಾಗ ಕಾಣದ ಕಣ್ಣು ಅದರ ಕಡೆ ಇರುವ ಹಾಗೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಮನೆಯಲ್ಲಿ ನಾನು ಬಡಿಸುತ್ತಿದ್ದೆ, ಅವರು ಉಣ್ಣುತ್ತಿದ್ದರು. ಒಂದು ದಿನ ಊಟದ ಮಧ್ಯೆ ಅವರೇ ಎದ್ದು ಹೋಗಿ ಉಪ್ಪಿನ ಡಬ್ಬಿ ತಂದುಕೊಂಡರು. ಕೂತ ಮೇಲೆ ಡಬ್ಬಿಯನ್ನೇ ನೋಡುತ್ತಿದ್ದರು. ಉಪ್ಪು ಹಾಕಿಕೊಳ್ಳಲಿಲ್ಲ.

"ಬರಕ್ಕೆ ಹೇಳು ಅವಳಿಗೆ," ಎಂದರು.

ನಾನು ಫೋನಿನಲ್ಲಿ ಬರೆದೆ. 'ಬಣ್ಣ ನೀನೇ ಬಂದು ನೋಡಿ ಹೇಳು. ನೀನು ಬಂದು ಹೇಳೋ ತನಕ ಹೊಡೆಯಲ್ಲ.' ಮರುದಿನ ಮಧ್ಯಾಹ್ನ ಬಂದಳು.

ಎಷ್ಟು ಸೊರಗಿದ್ದಳು ಎಂದರೆ ಜಾಕೆಟ್ಟಿನ ತೋಳು ಬೆರಳ ತನಕ ಇಳಿದಿತ್ತು. ಒಳಗೆ ಕಾಲಿಟ್ಟವಳು ನನಗೆ ತಲೆಯಾಡಿಸಿದಳು. ಅಣ್ಣನ ಕಡೆ ನೋಡಲಿಲ್ಲ. ನೇರ ಹುಬ್ಬಿನ ಹತ್ತಿರ ಹೋಗಿ, ಎರಡೂ ಉಬ್ಬುಗಳನ್ನು ಬೆರಳಲ್ಲಿ ಮುಟ್ಟಿ, ಸರಿ ಎನ್ನುವಂತೆ ಮತ್ತೆ ತಲೆಯಾಡಿಸಿದಳು. ನಾನು ಬಣ್ಣದ ಕಾರ್ಡು ಕೊಟ್ಟೆ. ಹಳೆಯ ನೀಲಿಯ ಮೇಲೆ ಬೆರಳಿಟ್ಟಳು.

"ಬಾಯಲ್ಲಿ ಹೇಳಮ್ಮ," ಎಂದೆ. ಅವಳು ಬೆರಳನ್ನು ಅಲ್ಲೇ ಇನ್ನೊಮ್ಮೆ ಒತ್ತಿದಳು.

ನಮ್ಮವರು ಕಟ್ಟೆಯ ಆ ಬದಿಯಲ್ಲಿ ನಿಂತಿದ್ದರು. ಅವಳು ಇದ್ದದ್ದು ಅವರ ಬಲಗಡೆ, ಬೋಟಿನಲ್ಲಿ ಕೂರುತ್ತಿದ್ದ ಹಾಗೆಯೇ. ಆ ಕಡೆ ಅವರಿಗೆ ಏನೂ ಕಾಣುವುದಿಲ್ಲ. ಅವರು ಹುಬ್ಬನ್ನು ನೋಡಿಕೊಂಡೇ ಮಾತು ಶುರು ಮಾಡಿದರು.

"ಒಂದು ಮಾತು ಹೇಳ್ಬೇಕು ನಿಂಗೆ. ಅವತ್ತು ನೀನು ಬಿಡು ಅಂದಿದ್ದು ನಂಗೆ ತಪ್ಪಾಗಿ ಕೇಳಿಸ್ಲಿಲ್ಲ. ನಿಲ್ಸು ಅಂತ ಹೇಳ್ತಿದೀಯ ಅಂತ ಗೊತ್ತಿತ್ತು. ಗೊತ್ತಿದ್ದೂ ಒತ್ತಿದೆ."

ಅವಳು ಕಾರ್ಡನ್ನು ಕಟ್ಟೆಯ ಮೇಲಿಟ್ಟಳು. ಅವಳು ಕಟ್ಟೆಯನ್ನು ಸುತ್ತು ಹಾಕಿ, ಅಣ್ಣನ ಎಡಗಡೆಗೆ, ಕಾಣುವ ಕಣ್ಣಿನ ಎದುರಿಗೆ ಬಂದು ನಿಂತಳು.

"ನನ್ನ ಮುಖ ನೋಡ್ಕೊಂಡು ಹೇಳು," ಎಂದಳು.

ಅಷ್ಟು ತಿಂಗಳು ಆಡದ ಗಂಟಲು ಒಡೆದು ಕರ್ಕಶವಾಗಿತ್ತು. ಅವರು ಮುಖ ಎತ್ತಿದರು. ಅವೇ ಮಾತುಗಳನ್ನು ಇನ್ನೊಮ್ಮೆ ಹೇಳಿದರು. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು, ನಡುವೆ ಎರಡು ಸಲ ನಿಂತರು.

ಅವಳು ಪೂರ್ತಿ ಕೇಳಿದಳು. ಆಮೇಲೆ, "ಇನ್ನೂ ನೋಯುತ್ತಾ?" ಎಂದಳು.

"ಕೆಲವು ದಿನ ನೋಯುತ್ತೆ. ಚಳಿ ಇದ್ರೆ ಜಾಸ್ತಿ."

"ನೋಯ್ಲಿ," ಎಂದಳು.

ಹಾಗೆ ಹೇಳಬಾರದು ಎನ್ನಲು ಬಾಯಿ ತೆರೆದೆ. ಅವಳು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಮರುಗಳಿಗೆಯೇ ಅನ್ನಿಸಿತು.

"ನಾನು ಏನೇನು ಮಾಡಿದೀನಿ ಗೊತ್ತಾ?" ಎಂದಳು ಅವಳು. ದನಿ ಏರಿಸಲಿಲ್ಲ. "ಬಾಯಿ ತೆಗೆಯೋ ಮುಂಚೆ ಪ್ರತಿ ಮಾತನ್ನೂ ತಿರುಗಿಸಿ ಮುರುಗಿಸಿ ನೋಡ್ತಿದ್ದೆ. ಬೇರೆ ಅರ್ಥ ಆದ್ರೆ ಏನು ಗತಿ ಅಂತ. ನೋಡ್ತಾ ನೋಡ್ತಾ ಯಾವ ಮಾತೂ ಬೇಡ ಅನ್ನಿಸ್ಬಿಡ್ತು. ರಸ್ತೇಲಿ ಯಾರೋ ಬಿಡು ಅಂತ ಕೂಗಿದ್ರೆ ತಿರುಗಿ ಮನೆಗೆ ಬಂದ್ಬಿಡ್ತಿದ್ದೆ. ನೀನು ಇಲ್ಲಿ ಕೂತ್ಕೊಂಡು ಎಲ್ಲ ಗೊತ್ತಿದ್ದೂ..."

"ತಪ್ಪಾಯ್ತು," ಎಂದರು ನಮ್ಮವರು.

"ನಂಗೆ ಹೇಳಿದ್ದಾಯ್ತು. ಅಮ್ಮನಿಗೆ?"

ಅವರು ಕಬ್ಬಿಣದ ಮೆಟ್ಟಿಲಿನ ಕಡೆ ನೋಡಿದರು.

"ಅಮ್ಮ ಬೈದಿದ್ದು ನನ್ನನ್ನ. ಮೇಲೆ ಹೋಗಿ ಹೇಳು. ನಾನು ಇಲ್ಲೇ ಇರ್ತೀನಿ."

ಅವರು ಕೈಯನ್ನು ಬಟ್ಟೆಯಲ್ಲಿ ಒರೆಸಿಕೊಂಡರು. ಒರೆಸಿಕೊಳ್ಳುವಂಥದ್ದು ಕೈಯಲ್ಲಿ ಏನೂ ಇರಲಿಲ್ಲ. ಕಬ್ಬಿಣದ ಮೆಟ್ಟಿಲು ಹತ್ತುವಾಗ ಕಂಬಿಯನ್ನು ಹಿಡಿದು, ಒಂದೊಂದು ಮೆಟ್ಟಿಲಿಗೂ ಕಾಲಿನಿಂದ ತಡಕುತ್ತ ಹೋದರು. ನನಗೆ ಹೋಗಿ ಕೈ ಹಿಡಿಯಬೇಕೆನಿಸಿತು. ಹೋಗಲಿಲ್ಲ.

ನಾದಿನಿ ಗೋಡೆಯ ಮೇಲಿನ ಗೂಟದಿಂದ ಗುರುತು ಹಾಕುವ ಪೆನ್ಸಿಲು ತೆಗೆದುಕೊಂಡಳು. ಹೊಸ ಹುಬ್ಬಿನ ಎಡಗಡೆಯ ಉಬ್ಬಿನ ಬುಡದಲ್ಲಿ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದಳು. ಒತ್ತಿ ಎಳೆದಳು, ಪ್ರೈಮರ್ ಕಿತ್ತು ಬಿಳಿ ಕಂಡಿತು.

"ಇದನ್ನ ಕೊಯ್ದು ಚಪ್ಪಟೆ ಮಾಡಿಕೊಡಿ ಅತ್ತಿಗೆ. ವೇಗದ ಹಿಡೀನೂ ನನ್ನ ಕಡೆಗೇ ಬರ್ಲಿ. ಒಬ್ಳೇ ಓಡಿಸ್ತೀನಿ."

"ಮುಂದಿನ ರೇಸಿಗೇ ಆಗ್ಬೇಕಾ?"

"ಹ್ಞೂಂ," ಎಂದಳು. ಒಂದು ಗಳಿಗೆ ಬಿಟ್ಟು, ತನ್ನನ್ನು ತಾನೇ ತಿದ್ದಿಕೊಳ್ಳುವ ಹಾಗೆ, "ಆಗ್ಬೇಕು," ಎಂದಳು.

ಮೇಲಿನ ಕೋಣೆಯಲ್ಲಿ ನಮ್ಮವರ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಆಮೇಲೆ ಅದೂ ನಿಂತಿತು. ಅತ್ತೆ ಬೈಯುತ್ತಾರೆ, ಇಲ್ಲವೇ ಅಳುತ್ತಾರೆ ಎಂದು ಕಾದೆ. ಎರಡೂ ಕೇಳಲಿಲ್ಲ. ಕುರ್ಚಿ ಎಳೆದ ಸದ್ದು ಬಂತು. ಬಾಗಿಲು ತೆರೆಯಿತು.

ಅತ್ತೆ ಮೆಟ್ಟಿಲಿನ ತುದಿಯಲ್ಲಿ ಬಂದು ನಿಂತಿದ್ದರು. ಹಿಂದಿನಿಂದ ನಮ್ಮವರು ಅವರ ತೋಳು ಹಿಡಿಯಲು ಹೋದರೆ ಅವರು ಕೊಡವಿಕೊಂಡರು. ಎರಡೂ ಕೈಯಿಂದ ಕಂಬಿ ಹಿಡಿದು, ಅಡ್ಡಡ್ಡ ತಿರುಗಿ, ಒಂದು ಕಾಲಿಟ್ಟು ಅದರ ಪಕ್ಕ ಇನ್ನೊಂದು ಕಾಲಿಟ್ಟು ಇಳಿಯತೊಡಗಿದರು. ಪ್ರತಿ ಮೆಟ್ಟಿಲಿಗೂ ನೋವಿಗೆ ಅವರ ತುಟಿ ಬಿಗಿಯುವುದು ನಮಗೆ ಕೆಳಗಿನಿಂದ ಕಾಣುತ್ತಿತ್ತು. ನಾನು ಓಡಿಹೋಗಿ ಹಿಡಿದುಕೊಳ್ಳಬೇಕಿತ್ತು, ಆದರೆ ಅವರು ಯಾರ ಕೈಯನ್ನೂ ಬೇಡುತ್ತಿರಲಿಲ್ಲ. ನಾದಿನಿ ಪೆನ್ಸಿಲು ಹಿಡಿದುಕೊಂಡೇ ನೋಡುತ್ತಿದ್ದಳು.

ಇಳಿದು ಮುಗಿದ ಮೇಲೆ ಅತ್ತೆ ಮೇಜು, ಅಚ್ಚು, ಡಬ್ಬಿಗಳನ್ನೆಲ್ಲ ಹಿಡಿದು ಹಿಡಿದು ದಾಟಿ ಮಗಳ ಎದುರಿಗೆ ಬಂದರು. ಏದುಸಿರು ಬಿಡುತ್ತಿದ್ದರು. ಏನೋ ಹೇಳಲು ಬಾಯಿ ತೆರೆದರು. ಬಾಯಿ ಹಾಗೆಯೇ ತೆರೆದುಕೊಂಡಿತ್ತು, ಮಾತು ಬರಲಿಲ್ಲ. ಇಷ್ಟು ವರ್ಷ ಮಹಡಿಯ ಮೇಲಿಂದ ನಮ್ಮನ್ನೆಲ್ಲ ಬಾಯಲ್ಲೇ ಆಳಿದ ಹೆಂಗಸು ಒಂದು ಪದಕ್ಕಾಗಿ ಹುಡುಕುತ್ತಿದ್ದರು. ನನಗೆ ನೋಡಲಾಗಲಿಲ್ಲ.

ನಾದಿನಿ ತಾಯಿಯ ಮುಖವನ್ನೇ ನೋಡುತ್ತಿದ್ದಳು. ನೋಯಲಿ ಎನ್ನುವ ಮಾತು ಇಲ್ಲೂ ಬರುತ್ತದೆ ಎಂದು ನಾನು ಹೆದರಿದ್ದೆ.

"ಈ ಮಂಡಿ ಇಟ್ಕೊಂಡು ಯಾಕಮ್ಮ ಇಳಿದು ಬಂದೆ?" ಎಂದಳು. "ಕೂಗಿದ್ರೆ ನಾನೇ ಮೇಲೆ ಬರ್ತಿರ್ಲಿಲ್ವಾ?"

ಅತ್ತೆ ಅಲ್ಲೇ, ಉಪ್ಪುಕಾಗದದ ಧೂಳು ತುಂಬಿದ ಸ್ಟೂಲಿನ ಮೇಲೆ ಕುಸಿದು ಕೂತರು. ನಾದಿನಿ ಪೆನ್ಸಿಲನ್ನು ನನ್ನ ಕೈಗೆ ಕೊಟ್ಟು ತಾಯಿಯ ಪಕ್ಕ ನೆಲದ ಮೇಲೆ ಕೂತಳು, ಅವರ ಮಂಡಿಗಳನ್ನು ಎರಡೂ ಕೈಯಿಂದ ಒತ್ತತೊಡಗಿದಳು. ನಮ್ಮವರು ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಬಾ ಎಂದು ಅವರನ್ನು ಯಾರೂ ಕರೆಯಲಿಲ್ಲ.